ಹದಿನೆಂಟು ಅಕ್ಷರದ ಕೈ

"ಮೊಣಕೈ ಬಿಡವ್ವ."

ಕೊಟ್ರಬಸಮ್ಮ ಬಿಡಲಿಲ್ಲ. ಕಿರಿಮಗಳ ಮೊಣಕೈಯಡಿ ತನ್ನ ಅಂಗೈ ಒಡ್ಡಿಯೇ ಕೂತಿದ್ದಳು. "ಚೂರು ಆಸರ ಕೊಟ್ರ ಏನಾಗ್ತೈತಿ? ಡಾಕ್ಟರಿಗೆ ಚಂದ ಕಾಣ್ಲಿ."

"ಚಂದ ಬ್ಯಾಡ. ಖರೇ ಕಾಣ್ಬೇಕು," ಎಂದಳು ಹಿರಿಮಗಳು ಗಂಗಾಂಬಿಕಾ.

ಅವಳ ಬಲಗೈಯಲ್ಲಿ ಫೋನಿತ್ತು. ವಿಡಿಯೋ ಕರೆಯ ತೆರೆಯ ಮೂಲೆಯಲ್ಲಿ ಬೆಂಗಳೂರಿನ ಡಾಕ್ಟರಮ್ಮ ಕಾಯುತ್ತಿದ್ದರು. ತಂಗಿ ಸುನಿತಾ ಯಾರ ನೆರವೂ ಇಲ್ಲದೆ ಕೈಯನ್ನು ಹಣೆಗೆ ತಾಗಿಸಬೇಕು. ತಾಗಿದರೆ ಸೂಜಿ ಪುಕ್ಕಟೆ ಮುಂದುವರಿಯುತ್ತದೆ. ಇಲ್ಲವಾದರೆ, ಕಂಪ್ಲಿಯ ಒಂದು ಅಕ್ಕಿ ಗಿರಣಿಯನ್ನೇ ಮಾರಿದರೂ ಕೊಳ್ಳಲಾಗದ ಔಷಧಿ ಅದು.

ಸ್ನಾಯು ಸೊರಗುವ ಕಾಯಿಲೆ. ಹನ್ನೆರಡು ವರ್ಷದಿಂದ ತಂಗಿಯ ಕೈಗಳು, ಯಾರೋ ಇಟ್ಟು ಮರೆತ ಸಾಮಾನಿನಂತೆ, ಮಡಿಲಲ್ಲೇ ಇದ್ದವು. ಅವಳ ಮೂಗು ತುರಿಸಿದ್ದು, ನೊಣ ಓಡಿಸಿದ್ದು, ಕೂದಲು ಸರಿಸಿದ್ದು ಗಂಗಾಂಬಿಕಾ. ಎಂ.ಎಸ್ಸಿ ಮುಗಿಸಿಯೂ ಎಲ್ಲಿಗೂ ಹೋಗದಿರಲು ಆ ಕಾರಣ ಸಾಕಾಗಿತ್ತು.

ಔಷಧಿಯ ಮೇಲೆ ಅವಳಿಗೆ ಭಕ್ತಿಯಂಥದ್ದು. ಜೀನಿನ ಭಾಷೆಯ ಬರೀ ಹದಿನೆಂಟು ಅಕ್ಷರಗಳ ಸರ. ಜೀನು ಕಳಿಸಿದ ಸಂದೇಶಕ್ಕೆ ಎದುರು ಜೋಡಿಯಾಗಿ ಅಂಟಿ ಕೂರುತ್ತದೆ. ಆಗ ಜೀವಕೋಶ, ಹುಟ್ಟಿದಂದಿನಿಂದ ತಾನು ಬಿಟ್ಟು ಓದುತ್ತಿದ್ದ ತುಣುಕನ್ನು ಸೇರಿಸಿ ಓದತೊಡಗುತ್ತದೆ. ಜೀನಿಗೆ ಕತ್ತರಿ ಹಾಕುವುದಿಲ್ಲ, ಓದನ್ನಷ್ಟೇ ತಿದ್ದುತ್ತದೆ. ಇಷ್ಟು ಸೌಜನ್ಯದ ಔಷಧಿ ಇನ್ನೊಂದಿದೆಯೇ?

ಸತ್ತ ನರ ಮರಳದು, ನಿಜ. ನಾಲ್ಕು ತಿಂಗಳಿಗೊಮ್ಮೆ, ಜೀವನಪೂರ್ತಿ, ತಂಗಿಯ ಸೊಟ್ಟ ಬೆನ್ನುಮೂಳೆಯಲ್ಲಿ ಸೂಜಿ ಸಂದಿ ಹುಡುಕಬೇಕು.

"ಏ ಅಕ್ಕಾ, ಜಲ್ದಿ ಹಿಡಿ," ಎಂದಳು ಸುನಿತಾ. "ಆಮ್ಯಾಲ ನಿನ್ನ ಮೂಗು ನಾನ ತುರಸ್ತೀನಿ."

"ಬಾಯಿಗೇನೂ ಕಾಯಿಲಿ ಇಲ್ಲ ನೋಡು ಇಕೀಗೆ!" ಅವ್ವ ನಕ್ಕು ಕೈ ತೆಗೆದಳು.

ಸುನಿತಾಳ ಕೈ ಎದ್ದಿತು. ನಡುಗಿತು. ಗದ್ದ ದಾಟಿತು. ಫ್ಯಾನಿನ ಗಾಳಿಗೆ ಕೂದಲೊಂದು ಅವಳ ಕಣ್ಣ ಮೇಲೆ ಬಿತ್ತು. ಬೆರಳುಗಳು ಹಣೆ ಮುಟ್ಟಿ, ಯಾರೂ ಹೇಳದೆ, ಅದನ್ನು ಕಿವಿಯ ಹಿಂದಕ್ಕೆ ಸರಿಸಿದವು.

"ಅಯ್ಯೋ ನನ ಶಿವನ!" ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ವೆರಿ ಗುಡ್ ಸುನಿತಾ!" ಡಾಕ್ಟರಮ್ಮ ಕೂಗಿದರು. ಆಮೇಲೆ ದನಿ ತಗ್ಗಿತು. "ಒಂದ್ನಿಮಿಷ. ನನಗೆ ಎರಡು ಕೈ ಕಾಣ್ತಿದೆ. ಇನ್ನೊಂದು ಯಾರದು? ಅವರು ಮುಟ್ಟಿಲ್ಲ ತಾನೇ?"

ಗಂಗಾಂಬಿಕಾ ತೆರೆ ನೋಡಿದಳು. ತಂಗಿಯ ಕೈ ದಣಿದು, ಗೆದ್ದು, ಮಡಿಲಿಗೆ ಇಳಿಯುತ್ತಿತ್ತು. ಅವಳ ಹಣೆಯಿಂದ ಒಂದು ಗೇಣು ದೂರದಲ್ಲಿ ಮತ್ತೊಂದು ಕೈ, ಕೂದಲು ಸರಿಸಲು ಬಂದದ್ದು, ಗಾಳಿಯಲ್ಲಿ ನಿಂತಿತ್ತು.

"ಅದನ್ನ ಇಳಿಸಿ ಪ್ಲೀಸ್," ಎಂದರು ಡಾಕ್ಟರಮ್ಮ.

ಅದು ತನ್ನ ಎಡಗೈ ಎಂದು ಅವಳಿಗೆ ಗೊತ್ತಾಯಿತು. ಇಳಿಸಬೇಕೆಂದೂ. ಐದು ಬೆರಳೂ ಬಿಚ್ಚಿಕೊಂಡು ಅದು ಅಲ್ಲೇ ಇತ್ತು.