ಕರೆಂಟಿನ ಭಟ್ಟಿ ಕಲಿತ ಭರಮು

ನಿಪ್ಪಾಣಿ ಹತ್ತಿರದ ಒಂದು ಫೌಂಡ್ರಿಯಲ್ಲಿ ಭರಮು ಇಪ್ಪತ್ತೆರಡು ವರ್ಷದಿಂದ ಕಬ್ಬಿಣ ಕರಗಿಸುತ್ತಿದ್ದ. ಕಲ್ಲಿದ್ದಲಿನ ಭಟ್ಟಿಯ ಮುಂದೆ ನಿಂತು, ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಅದು ಅಚ್ಚಿಗೆ ಸುರಿಯಲು ತಯಾರಾಯಿತೋ ಇಲ್ಲವೋ ಹೇಳುತ್ತಿದ್ದ. ಅವನ ಮಾತು ತಪ್ಪಿದ್ದು ಅಪರೂಪ. ಹೊಗೆ ಕುಡಿದ ಎದೆ ಮಾತ್ರ ಮನೆಗೆ ಬಂದರೂ ಕೆಮ್ಮುವುದನ್ನು ಬಿಡುತ್ತಿರಲಿಲ್ಲ.

ಒಂದು ದಿನ ಫೌಂಡ್ರಿಯ ಬಾಗಿಲಿಗೆ ನೋಟೀಸು ಹಚ್ಚಿದರು. ಕಲ್ಲಿದ್ದಲಿನ ಭಟ್ಟಿ ನಿಲ್ಲುತ್ತದೆ, ಅದರ ಜಾಗಕ್ಕೆ ಕರೆಂಟಿನ ಭಟ್ಟಿ ಬರುತ್ತದೆ, ಹಳೆಯ ಕೆಲಸಗಾರರಿಗೆ ಮೂರು ತಿಂಗಳ ತರಬೇತಿ ಇದೆ, ಬೇಕಾದವರು ಹೆಸರು ಕೊಡಬೇಕು. ಭರಮು ಹೆಸರು ಕೊಡದೆ ಮನೆಗೆ ಬಂದ.

"ನಮ್ಮನ್ನ ಹೊರಗ ಹಾಕಾಕ ಇದೊಂದು ದಾರಿ," ಎಂದು ಹೆಂಡತಿ ತುಳಸವ್ವನ ಮುಂದೆ ಅಂದ. ಅವನು ಓದಿದ್ದು ಏಳನೇ ಇಯತ್ತೆ. ನಲವತ್ತೆಂಟನೇ ವಯಸ್ಸಿಗೆ ಮತ್ತೆ ಪಾಠಕ್ಕೆ ಕೂತರೆ ಜನ ನಗುತ್ತಾರೆಂಬ ಅಳುಕು ಒಳಗಿತ್ತು. ಅದನ್ನು ಹೇಳಲಿಲ್ಲ.

ತುಳಸವ್ವನಿಗೆ ಹೇಳದೆಯೇ ತಿಳಿಯಿತು. ಸಂಜೆ ಅದೇ ಓಣಿಯ ಸುಜಾತಾಳನ್ನು ಕರೆಸಿದಳು. ಸುಜಾತಾ ಐಟಿಐ ಮಾಡಿ ಅದೇ ಫೌಂಡ್ರಿಯಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವಳು, ಹೊಸ ಭಟ್ಟಿಯ ಕೆಲಸವನ್ನು ಆಗಲೇ ಕಲಿತು ಬಂದಿದ್ದವಳು.

"ಕಾಕಾ, ಹೆಸರ ಯಾಕ ಕೊಡಲಿಲ್ರಿ?"

"ಭಟ್ಟಿ ಅಂದ್ರ ಕಣ್ಣಿನ ಕೆಲಸ ಯವ್ವಾ. ಮೀಟರ್ ನೋಡಿ ಏನ್ ತಿಳೀತೈತಿ?"

"ಕಣ್ಣಿಗಿ ಕಾಣದ್ದು ತಿಳೀತೈತ್ರಿ. ಮೀಟರ್ ಓದೂದ ಮೂರ ತಿಂಗಳದಾಗ ಬರ್ತೈತಿ. ನಿಮ್ಮಂಗ ಕಬ್ಬಿಣ ತಿಳ್ಯಾಕ ಇಪ್ಪತ್ತ ವರ್ಷ ಬೇಕು. ಎರಡೂ ಬರಾವನ್ನ ಹೊರಗ ಹಾಕೋರು ಯಾರದಾರ?"

ತರಬೇತಿ ಕನ್ನಡ, ಮರಾಠಿ ಎರಡರಲ್ಲೂ ನಡೆಯುತ್ತದೆ, ಆ ದಿನಗಳ ಪಗಾರವೂ ಸಿಗುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಮಾಲು ಕೊಳ್ಳುವ ದೊಡ್ಡ ಕಂಪನಿಗಳು ಈಗ ಹೊಗೆ ಕಡಿಮೆ ಇರುವ ಕಾರ್ಖಾನೆಗಳನ್ನೇ ಹುಡುಕುತ್ತಿವೆ, ಹಳೆಯ ಭಟ್ಟಿಯನ್ನೇ ಹಿಡಿದು ಕೂತರೆ ಫೌಂಡ್ರಿ ಉಳಿಯುವುದೇ ಕಷ್ಟ ಎಂದಳು. ಭರಮು ಮತ್ತೆ ಕೆಮ್ಮತೊಡಗಿದ. ತುಳಸವ್ವ ಅವನ ಕಡೆ ತಿರುಗಿದಳು.

"ನಿಮ್ಮ ಕೆಮ್ಮ ಕೇಳಿ ಕೇಳಿ ನನಗ ಸಾಕಾಗೈತಿ. ನಾಳೆ ಹೆಸರ ಕೊಟ್ಟ ಬರ್ರಿ," ಅಂದಳು.

ಕೊಟ್ಟ. ಮೊದಲ ವಾರ ಯಂತ್ರದ ಗುಂಡಿಗಳ ಹೆಸರು ತಲೆಗೆ ಹತ್ತಲಿಲ್ಲ. ಆಮೇಲೆ ನಾಚಿಕೆ ಬಿಟ್ಟು ಕೇಳತೊಡಗಿದ. ಹತ್ತು ಸಲ ಕೇಳಿದರೂ ಸುಜಾತಾ ಬೇಸರವಿಲ್ಲದೆ ಹೇಳಿದಳು. ಹೊಸ ಭಟ್ಟಿಯ ಒಳಗೋಡೆಯ ಹಿಂದೆ ತಾಮ್ರದ ಕೊಳವೆಯಲ್ಲಿ ನೀರು ಹರಿಯುತ್ತದೆ. ಗೋಡೆ ಬಿರುಕು ಬಿಟ್ಟು ಕಬ್ಬಿಣ ಆ ನೀರಿಗೆ ತಾಗಿದರೆ ಭಟ್ಟಿ ಸಿಡಿಯುತ್ತದೆ. ಬಿರುಕು ಬೆಳೆದಂತೆ ಒಂದು ಮೀಟರಿನ ಮುಳ್ಳು ಮೇಲೇರುತ್ತದೆ. ಈ ಪಾಠವನ್ನು ಭರಮು ತುಳಸವ್ವನಿಗೂ ಒಪ್ಪಿಸಿ ಗಟ್ಟಿ ಮಾಡಿಕೊಂಡ.

ಹೊಸ ಭಟ್ಟಿ ಶುರುವಾಗಿ ಎರಡನೇ ತಿಂಗಳು. ಮುಂಜಾನೆ ಪಾಳಿ. ಭಟ್ಟಿಯ ತುಂಬ ಕರಗಿದ ಕಬ್ಬಿಣ, ಸುತ್ತ ಒಂಬತ್ತು ಮಂದಿ. ಬಣ್ಣ ಚೊಕ್ಕವಾಗಿತ್ತು. ಭರಮುವಿನ ಕಣ್ಣು ಎಲ್ಲ ಸರಿಯಿದೆ ಎಂದಿತು. ಆದರೆ ಆ ಮೀಟರಿನ ಮುಳ್ಳು ಅಪಾಯದ ಕೆಂಪು ಗೆರೆ ಮುಟ್ಟಿತ್ತು. ಮೀಟರೇ ಕೆಟ್ಟಿರಬೇಕು, ಇನ್ನು ಹತ್ತು ನಿಮಿಷ ನಡೆಯಲಿ ಎಂದು ಸೂಪರ್‌ವೈಸರ್ ಮಾಳಸಿದ್ದ ಅಂದ.

"ಇಲ್ರಿ. ನಾ ಬಂದ್ ಮಾಡಾಕತ್ತೀನಿ," ಎಂದು ಭರಮು ಕರೆಂಟು ತೆಗೆದ. ಎಲ್ಲರನ್ನೂ ದೂರ ಕಳಿಸಿದ. ಕಲಿತ ಕ್ರಮದಲ್ಲೇ ಭಟ್ಟಿ ಬಗ್ಗಿಸಿ, ಇಂಥ ಹೊತ್ತಿಗೆಂದೇ ಇಟ್ಟ ಒಣಗುಂಡಿಗೆ ಕಬ್ಬಿಣವನ್ನೆಲ್ಲ ಸುರಿದ.

ಭಟ್ಟಿ ಆರಿದ ಮೇಲೆ ಸುಜಾತಾ ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದಳು. ಬಿರುಕು ಕೊಳವೆಯಿಂದ ಬೆರಳಗಲ ದೂರದಲ್ಲಿತ್ತು. ಮಾಳಸಿದ್ದ ಬಂದು ಭರಮುವಿನ ಎರಡೂ ಕೈ ಹಿಡಿದುಕೊಂಡ. ಒಂಬತ್ತು ಮಂದಿಯೂ ಅಂದು ತಮ್ಮ ತಮ್ಮ ಮನೆಗೆ ಊಟಕ್ಕೆ ಹೋದರು.

ಮುಂದಿನ ತಂಡಕ್ಕೆ ಕಲಿಸಲು ಭರಮುವನ್ನೇ ನಿಲ್ಲಿಸಿದರು. ಮೂವತ್ತು ಜನರ ಮುಂದೆ ಎದೆಯೆತ್ತಿ ನಿಂತು ಅವನು ಹೇಳಿದ್ದು ಇಷ್ಟು: "ತಿಳೀಲಿಲ್ಲಂದ್ರ ಕೇಳ್ರಿ. ನಾನೂ ಕೇಳೇ ಕಲ್ತೀನಿ."

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸಕ್ಕರೆ ಕಾರ್ಖಾನೆಗಳಲ್ಲಿ, ಫೌಂಡ್ರಿಗಳಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಹೊಗೆ ಕಡಿಮೆ ಮಾಡುವ ಹೊಸ ಯಂತ್ರ ನಿಮ್ಮಲ್ಲೂ ಬರುವ ಸುದ್ದಿಯಿದ್ದರೆ, ಅದು ಬಂದು ನಿಲ್ಲುವ ತನಕ ಕಾಯಬೇಡಿ. ತರಬೇತಿ ಯಾವಾಗ, ಯಾವ ಭಾಷೆಯಲ್ಲಿ, ಆ ದಿನಗಳ ಪಗಾರ ಸಿಗುತ್ತದೆಯೇ ಎಂದು ಇವತ್ತೇ ಕೇಳಿ. ತರಬೇತಿಯೇ ಇಲ್ಲವೆಂದರೆ ನಾಲ್ಕು ಜನ ಕೂಡಿ ಹೋಗಿ, ಬೇಕೆಂದು ಹೇಳಿ. ವಯಸ್ಸಾಯಿತೆಂದು ಹಿಂದೆ ಸರಿಯಬೇಡಿ. ನಿಮ್ಮ ಕೈಗೆ ಕೆಲಸ ಗೊತ್ತಿದೆ, ಹೊಸ ಯಂತ್ರಕ್ಕೂ ಆ ಕೈಯೇ ಬೇಕು.