ಶುಕ್ರವಾರದ ಅಜ್ಜಂಪುರ

ಹಿರೇನಲ್ಲೂರಿನ ಮಕ್ಕಳೆಲ್ಲ ಬೇಸಿಗೆ ರಜೆಯಲ್ಲಿ ಬಿಸಿಲು ಲೆಕ್ಕಿಸದೆ ಅಲೆಯುತ್ತಿದ್ದಾಗಲೂ ಪ್ರತಿಮಾಳ ಮನೆಯಲ್ಲಿ ಪಾಠ ನಿಂತಿರಲಿಲ್ಲ. ಅವಳು ಬಿ.ಎಡ್. ಮಾಡಿದವಳು, ಕಡೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದವಳು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಮಗಳು ವಿದ್ಯಾಶ್ರೀಗೆ ಮನೆಯಲ್ಲೇ ಪಾಠ ಶುರುಮಾಡಿದಳು. ಮತ್ತೆ ಶಾಲೆ ತೆರೆದಾಗ ಹುಡುಗಿ ದಿನಾ ಬೆಳಗ್ಗೆ ವಾಂತಿ ಮಾಡಿಕೊಂಡು, ಹೊಸಿಲು ದಾಟಲಾರೆ ಎಂದು ಅತ್ತಳು. ಪ್ರತಿಮಾ ಕೆಲಸ ಬಿಟ್ಟಳು. ಪಡಸಾಲೆಯ ಗೋಡೆಗೆ ಕರಿಹಲಗೆ ಹೊಡೆಸಿ, ಮಗಳಿಗೆ ತಾನೇ ಶಾಲೆಯಾದಳು. ಊರವರು ಆಡಿಕೊಂಡರು. ಗಂಡ ರಘುನಾಥ್ ಮಾತ್ರ, "ನಿಂಗೆ ಸರಿ ಅನ್ಸಿದ್ರೆ ನಂಗೂ ಸರಿ ಕಣೇ" ಎಂದಿದ್ದ. ಆ ಒಂದು ಮಾತಿನ ಬಲದಲ್ಲೇ ಅವಳು ಇಷ್ಟು ವರ್ಷ ತಲೆಯೆತ್ತಿ ನಡೆದಿದ್ದಳು.

ಮೇ ತಿಂಗಳ ಆ ವಾರ ಉಸಿರಾಡಲೂ ಬಿಡುವಿರಲಿಲ್ಲ. ಸೋಮವಾರ ತೋಟದ ತೆಂಗಿನಕಾಯಿ ರಾಶಿಯ ಮುಂದೆ ಕೂತು ಭಿನ್ನರಾಶಿ ಕಲಿತದ್ದಾಯಿತು. ಮಂಗಳವಾರ ಬಾವಿಯ ಆಳವನ್ನು ನೆರಳಿನಿಂದ ಅಳೆಯಲು ಹೋಗಿ, ಲೆಕ್ಕ ತಪ್ಪಿ, ಅಮ್ಮ ಮಗಳು ಬಿದ್ದು ಬಿದ್ದು ನಕ್ಕರು. ಬುಧವಾರ ಬಸವ ಜಯಂತಿ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಅತ್ತೆ ಕಾಂತಮ್ಮ ಮಾಡಿದ ಕಡುಬು ತಿನ್ನಿಸಿದರು. ಗುರುವಾರ ಬಸ್ಸು ಹತ್ತಿ ತರೀಕೆರೆಗೆ, ಅಲ್ಲಿಂದ ಅಮೃತಾಪುರಕ್ಕೆ. ದೇವಸ್ಥಾನದ ಹೊರಗೋಡೆಯ ಮೇಲೆ ರಾಮಾಯಣದ ಒಂದೊಂದು ಚಿತ್ರವನ್ನೂ ಮಗಳೇ ಗುರುತಿಸಿ ಹೇಳಬೇಕು, ಅಮ್ಮ ಕೇಳಬೇಕು. ವಿದ್ಯಾ ಹೇಳುತ್ತಾ ಹೋದಳು. ನಡುವೆ ತರೀಕೆರೆಯಿಂದ ಬಂದಿದ್ದ ಹುಡುಗಿಯರ ಗುಂಪೊಂದು ಅಂಗಳದಲ್ಲಿ ಜೋಡಿ ಜೋಡಿಯಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದುದನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಬಿಸಿಲಿಗೆ ದಣಿದಿರಬೇಕು ಎಂದುಕೊಂಡ ಪ್ರತಿಮಾ ನೀರು ಕೊಟ್ಟಳು.

ಶುಕ್ರವಾರ ಅಜ್ಜಂಪುರದ ಸರದಿ. ಅಲ್ಲಿನ ಅಮೃತಮಹಲ್ ತಳಿ ಕೇಂದ್ರದಲ್ಲಿ ರಘುನಾಥನ ಸ್ನೇಹಿತ ಕಾಂತರಾಜು ಕೆಲಸಕ್ಕಿದ್ದ. ರಾಸುಗಳನ್ನು ತೋರಿಸುತ್ತೇನೆಂದು ಎಂದೋ ಹೇಳಿದ್ದ. ಪ್ರತಿಮಾಳೂ ಹೊರಟಿದ್ದಳು. ರಘುನಾಥ್ ತಡೆದ.

"ಬೈಕಲ್ಲಿ ಮೂರು ಜನ ಯಾಕೆ? ಭಾನುವಾರ ವಿದ್ಯಾ ಹುಟ್ಟಿದಬ್ಬಕ್ಕೆ ಅಷ್ಟು ಜನ ಬತ್ತಾರೆ, ನೀನು ಆ ಕೆಲಸ ನೋಡ್ಕೋ. ನಾನು ತೋರಿಸ್ಕೊಂಡು ಬತ್ತೀನಿ."

ಸಂಜೆ ಬಂದ ಮಗಳನ್ನು ಊಟಕ್ಕೆ ಕೂರಿಸಿಕೊಂಡು ಪ್ರತಿಮಾ ಎಲ್ಲ ಕೇಳಿದಳು.

"ಒಂದು ಹೋರಿ ಇತ್ತಮ್ಮ. ಕೊಂಬು ಇಷ್ಟುದ್ದ, ಹಿಂದಕ್ಕೆ ಬಾಗಿ ತುದಿ ಕರ್‍ರಗೆ. ನಮ್ಮನ್ನ ನೋಡಿ ಕಿವಿ ನಿಮಿರಿಸ್ಕೊಂಡು ನಿಂತ್ಬಿಡ್ತು. ಕಾಂತರಾಜು ಮಾವ ಬೆಳ್ಳಿ ಅಂತ ಕರೆದ್ಮೇಲೇ ಅದು ತಲೆ ತಗ್ಸಿದ್ದು."

"ಭಯ ಆಯ್ತಾ?"

"ಮೊದ್ಲು ಆಯ್ತು. ಆಮೇಲೆ ಅದರ ಉಸಿರು ನನ್ನ ಕೈಗೆ ತಾಗ್ತು, ಬಿಸಿಯಾಗಿ. ಆಗ ಹೋಯ್ತು."

ಕಂಡದ್ದನ್ನು ಎದುರಿಗಿದ್ದವರ ಕಣ್ಣಿಗೆ ಕಟ್ಟುವಂತೆ ಹೇಳಬೇಕು ಎಂದು ಮಗಳಿಗೆ ಕಲಿಸಿದವಳೇ ಪ್ರತಿಮಾ. ಅವಳಿಗೆ ಎದೆ ತುಂಬಿ ಬಂತು. ಗಂಡ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಅತ್ತೆ ಮಜ್ಜಿಗೆಗೂ ಕಾಯದೆ ಕೈ ತೊಳೆಯಲು ಎದ್ದರು.

ಭಾನುವಾರ ಮನೆ ತುಂಬ ಜನ. ಹೋಳಿಗೆ, ಸೀಕರಣೆ, ಮಕ್ಕಳ ಹಟಕ್ಕೆ ಬೇಕರಿಯ ಕೇಕು. ಕಾಂತರಾಜು ಹೆಂಡತಿಯೊಂದಿಗೆ ಬಂದಿದ್ದ. ಅವನ ಎಲೆಗೆ ತುಪ್ಪ ಬಡಿಸುತ್ತಾ ಪ್ರತಿಮಾ ಹೇಳಿದಳು:

"ಶುಕ್ರವಾರ ನಿಮ್ಗೆ ತುಂಬಾ ತೊಂದ್ರೆ ಕೊಟ್ರು. ಮಗು ಬೆಳ್ಳೀದೇ ಜಪ ಮಾಡ್ತಿದಾಳೆ."

ಕಾಂತರಾಜು ತುತ್ತು ನಿಲ್ಲಿಸಿದ. "ಯಾವ ಬೆಳ್ಳಿ ಅತ್ಗೆ? ಶುಕ್ರವಾರ ನಾನು ಚೌಳಹಿರಿಯೂರಲ್ಲಿ ಷಡ್ಕನ ಮನೆ ಗೃಹಪ್ರವೇಶದಲ್ಲಿದ್ದೆ." ಅವಳ ಮುಖ ನೋಡಿ ಅವಸರದಿಂದ ಸೇರಿಸಿದ, "ಬೇರೆ ಯಾರೋ ತೋರಿಸಿರ್ಬೇಕು ಬಿಡಿ."

ಪ್ರತಿಮಾ ಮುಂದಿನ ಎಲೆಗೆ ನಡೆದಳು. ಕೈ ಬಡಿಸುತ್ತಲೇ ಇತ್ತು. ಅಂಗಳದಲ್ಲಿ ವಿದ್ಯಾ ಕೆನ್ನೆಗೆ ಕ್ರೀಮು ಮೆತ್ತಿಕೊಂಡು ನಗುತ್ತಿದ್ದಳು. ಆ ಮುಖದಲ್ಲಿ ಸುಳ್ಳಿನ ಗುರುತು ಎಲ್ಲಿದೆ ಎಂದು ಅವಳು ಹುಡುಕಿದಳು. ಎಲ್ಲೂ ಇರಲಿಲ್ಲ. ಅದೇ ಅವಳನ್ನು ಹೆದರಿಸಿತು.

ಕೊನೆಯ ನೆಂಟರು ಹೋದ ಮೇಲೆ ಅಡಿಗೆಮನೆಯಲ್ಲಿ ಕೇಳಿದಳು, "ಶುಕ್ರವಾರ ಎಲ್ಲಿಗೆ ಹೋಗಿದ್ರಿ?"

ರಘುನಾಥ್ ತಪ್ಪಿಸಿಕೊಳ್ಳಲು ನೋಡಲಿಲ್ಲ. "ಕಡೂರಿಗೆ. ಅಲ್ಲೊಂದು ಸ್ಕೂಲಲ್ಲಿ ಎಂಟ್ರೆನ್ಸ್ ಇತ್ತು. ಸೀಟು ಸಿಕ್ಕಿದೆ. ಹುಟ್ಟಿದಬ್ಬ ಮುಗೀಲಿ, ಹೇಳಾಣ ಅಂತಿದ್ದೆ."

"ಅತ್ತೆಗೆ ಗೊತ್ತಾ?"

ಕಾಂತಮ್ಮ ಬಾಗಿಲ ಬಳಿಯಿಂದ ಮೆಲ್ಲಗೆ, "ನಿನ್ ಮನಸ್ಸಿಗೆ ನೋವಾಗ್ಬಾರ್ದು ಅಂತ ಕಣಮ್ಮ" ಎಂದರು.

"ಅಂದ್ರೆ ಈ ಮನೇಲಿ ಗೊತ್ತಿಲ್ದೋಳು ನಾನೊಬ್ಳೇ."

"ಹೇಳಿದ್ರೆ ನೀನು ಬಿಡ್ತಿದ್ಯಾ?" ರಘುನಾಥನ ದನಿ ಏರಿತು.

"ಬಿಡ್ತಿರ್ಲಿಲ್ವೇನೋ. ಜಗಳ ಆಡ್ತಿದ್ದೆ. ಜಗಳ ಆಡೋ ಅಷ್ಟು ಹಕ್ಕೂ ನಂಗಿರ್ಲಿಲ್ವಾ?"

ವಿದ್ಯಾ ಅಪ್ಪನ ಮುಂದೆ ಬಂದು ನಿಂತಳು. ಹೊಸ ಲಂಗದ ಅಂಚನ್ನು ಹಿಂಡುತ್ತಿದ್ದಳು. "ಅಪ್ಪಂಗೆ ಬೈಬೇಡಮ್ಮ. ನಾನೇ ಕೇಳಿದ್ದು. ನಂಗೆ ಫ್ರೆಂಡ್ಸ್ ಬೇಕು."

"ನನ್ಹತ್ರ ಯಾಕೆ ಕೇಳ್ಲಿಲ್ಲ?"

"ದಿನಾ ಬೆಳಗ್ಗೆ ಬೋರ್ಡ್ ಒರೆಸ್ತಾ ನೀನು ಹಾಡು ಗುನುಗ್ತಿರ್ತೀಯ. ಅದನ್ನ ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ."

"ಮತ್ತೆ ಆ ಹೋರಿ? ಅದರ ಉಸಿರು?"

ಹುಡುಗಿ ನೆಲ ನೋಡಿದಳು. "ಬರೋವಾಗ ಬೈಕಲ್ಲಿ ನಾನು, ಅಪ್ಪ ಸೇರಿ ಮಾಡ್ಕೊಂಡ್ವಿ. ನೀನು ಏನೇನು ಕೇಳ್ತೀಯ ಅಂತ ಗೊತ್ತಿತ್ತಲ್ಲ."

ಶಾಲೆಗೆ ಸೇರುವ ಆಸೆ ತಪ್ಪಲ್ಲ ಎಂದು ಪ್ರತಿಮಾಗೂ ತಿಳಿದಿತ್ತು. ಆದರೆ ದಾರಿಯುದ್ದಕ್ಕೂ ಅಪ್ಪ ಮಗಳು ತನ್ನ ಪ್ರಶ್ನೆಗಳನ್ನು ಮೊದಲೇ ಊಹಿಸಿ, ಒಂದೊಂದಕ್ಕೂ ಉತ್ತರ ಹೊಂದಿಸಿ, ಬಹುಶಃ ನಗುತ್ತಲೂ ಬಂದಿರಬೇಕು ಎಂಬುದನ್ನು ಅವಳಿಂದ ಸಹಿಸಲಾಗಲಿಲ್ಲ. ಅವಳು ಅಳಲಿಲ್ಲ. ಪಾತ್ರೆಗಳನ್ನು ಹಿತ್ತಲಿಗೆ ಹೊತ್ತು, ಕತ್ತಲಾಗುವವರೆಗೂ ಒಬ್ಬಳೇ ತಿಕ್ಕಿದಳು.

ಮಾರನೆಯ ದಿನ ಪಾಠ ನಡೆಯಲಿಲ್ಲ. ಆಮೇಲೂ ನಡೆಯಲಿಲ್ಲ. ಮನೆಯಲ್ಲಿ ಬೇಕಾದಷ್ಟೇ ಮಾತು. ದಾಖಲಾತಿಗೆ ಹೊರಟ ದಿನ ಪ್ರತಿಮಾ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬತ್ತೀನಿ" ಎಂದಳು. ಈ ಸಲ ಬೈಕಲ್ಲಿ ಮೂರು ಜನ ಹೋದರು.

ಕಡೂರಿನ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ವಯಸ್ಸಾದ, ಸೌಮ್ಯ ಹೆಂಗಸು. ಪ್ರತಿಮಾಳನ್ನು ಕಂಡು, "ಈಗ ಆರೋಗ್ಯ ಹೇಗಿದೆ? ಅವತ್ತು ನಿಮಗೆ ಹುಷಾರಿಲ್ಲ, ಬರೋಕಾಗಲ್ಲ ಅಂದ್ರು ನಿಮ್ಮ ಯಜಮಾನ್ರು" ಎಂದರು. "ಹುಡುಗಿ ಲೆಕ್ಕದಲ್ಲಿ ಬಹಳ ಚುರುಕು. ಟ್ಯೂಷನ್ ಮೇಷ್ಟ್ರು ಚೆನ್ನಾಗಿ ಕಲಿಸಿದಾರೆ."

ಪ್ರತಿಮಾ ಗಂಡನ ಕಡೆ ತಿರುಗಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ. ಮಗಳು ತುಟಿ ಕಚ್ಚಿ ನಿಂತಿದ್ದಳು. ಹಾಗಾದರೆ ಅವತ್ತು ಈ ಮಾತು ಅವಳ ಎದುರಿಗೇ ನಡೆದಿತ್ತು. ಅವಳೂ ತಲೆಯಾಡಿಸಿದ್ದಳು.

"ಟ್ಯೂಷನ್ ಇರ್ಲಿಲ್ಲ ಮೇಡಂ" ಎಂದಳು ಪ್ರತಿಮಾ. "ನಾನು ಅವಳ ತಾಯಿ. ನಾನೇ ಕಲಿಸಿದ್ದು. ನಂಗೆ ಯಾವ ಕಾಯಿಲೆಯೂ ಇಲ್ಲ."

ಹೊರಗೆ ಬಂದ ಮೇಲೆ ರಘುನಾಥ್ ಗೊಣಗಿದ, "ಮನೇಲೇ ಓದಿದ್ದು ಅಂದ್ರೆ ಸೇರಿಸ್ಕೊಳಲ್ವೇನೋ ಅಂತ ಭಯ ಆಯ್ತು ಕಣೇ."

"ಅಲ್ಲರೀ. ನಿಮ್ಗೆ ನಾಚಿಕೆ ಆಯ್ತು" ಎಂದು ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅವನು ಬೈಕಿನ ಪಕ್ಕದಲ್ಲೇ ನಿಂತುಬಿಟ್ಟ.

ಶಾಲೆ ಶುರುವಾಯಿತು. ಮೊದಲ ದಿನ ಬೆಳಗ್ಗೆ ಪ್ರತಿಮಾಳೇ ಮಗಳ ಜಡೆ ಹೆಣೆದು, ಡಬ್ಬಿ ಕಟ್ಟಿ, ಬಸ್ಸು ಹತ್ತಿಸಿದಳು. ವಿದ್ಯಾ ವಾಂತಿ ಮಾಡಿಕೊಳ್ಳಲಿಲ್ಲ. ಸಂಜೆ ಓಡುತ್ತಾ ಬಂದು, ಚೀಲ ಎಸೆದು, ಅಮ್ಮನ ಪಕ್ಕ ಕೂತು ಹೇಳತೊಡಗಿದಳು. ಶರ್ಮಿಳಾ ಎಂಬ ಹುಡುಗಿ ತನ್ನ ಪಕ್ಕ ಜಾಗ ಕೊಟ್ಟಳಂತೆ. ಡ್ರಿಲ್ ಸರ್ ಬಿದ್ದುಬಿಟ್ಟರಂತೆ, ಯಾರೂ ನಗಲಿಲ್ಲವಂತೆ, ಆಮೇಲೆ ಅವರೇ ನಕ್ಕರಂತೆ.

ಎಷ್ಟು ಚೆನ್ನಾಗಿ ಹೇಳುತ್ತಿದ್ದಳು! ಕೇಳುತ್ತಾ ಕೇಳುತ್ತಾ ಪ್ರತಿಮಾಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು:

"ನಿಜವಾಗ್ಲೂ?"

ವಿದ್ಯಾಳ ಮಾತು ಅರ್ಧಕ್ಕೆ ನಿಂತಿತು. "ನಿಜ ಅಮ್ಮ" ಎಂದಳು, ಬಹಳ ಸಣ್ಣ ದನಿಯಲ್ಲಿ.

"ಆಯ್ತು, ಹೇಳು. ಆಮೇಲೇನಾಯ್ತು?"

"ಅಷ್ಟೇ" ಎಂದು ಹುಡುಗಿ ಎದ್ದು ಬಟ್ಟೆ ಬದಲಾಯಿಸಲು ಒಳಗೆ ಹೋದಳು. ಪ್ರತಿಮಾ ಅಲ್ಲೇ ಕೂತಿದ್ದಳು. ಕರೆಯಬೇಕೆನಿಸಿತು, ಕರೆಯಲಾಗಲಿಲ್ಲ.