ಝೀಟಾ ಟೀಚರ್ ಕಳೆದುಕೊಂಡ ಸೊನ್ನೆ

ಝೀಟಾ ಟೀಚರ್ ಯಾವ ಉತ್ತರವನ್ನೂ ಒಂದೇ ಸಲಕ್ಕೆ ನಂಬುವವರಲ್ಲ. ಕೆಮ್ಮಣ್ಣು ಎಂಬ ಊರಿನ ತಮ್ಮ ಮನೆಯ ಜಗಲಿಯಲ್ಲಿ, ಎಡಗಾಲನ್ನು ತುಸು ಎಳೆಯುತ್ತ, ಸೀಮೆಸುಣ್ಣದ ತುಂಡುಗಳಿಂದ ಜೇಬು ಜೋತುಬಿದ್ದ ಬೂದು ಸ್ವೆಟರನ್ನು ಸೆಕೆಗಾಲದಲ್ಲೂ ತೊಟ್ಟು, ವರ್ಗ ಸಮೀಕರಣದ ವಕ್ರರೇಖೆ ಅಕ್ಷಗಳನ್ನು ಎಲ್ಲಿ ಕಡಿಯುತ್ತದೆಂದು ಹುಡುಕುವ ಅವರು, ಸಿಕ್ಕ ಬೆಲೆಯನ್ನು ಮತ್ತೆ ಸಮೀಕರಣಕ್ಕೆ ಹಾಕಿ ನೋಡದೆ ಬೋರ್ಡಿನ ಮೇಲೆ ಚುಕ್ಕೆಯಿಟ್ಟವರಲ್ಲ. "ಹಾಕಿ ನೋಡಿ, ಮತ್ತೆ ಚುಕ್ಕೆ" ಎಂಬುದು ದಿನಕ್ಕೆ ಹತ್ತು ಸಲದ ಮಾತು.

ನಾನು ಪರ್ಕಳದಿಂದ ಅವರಲ್ಲಿಗೆ ಹೋಗತೊಡಗಿದ್ದು ಶಾಲೆ ಬಿಟ್ಟು ಎರಡು ವರ್ಷವಾದ ಮೇಲೆ. ಬೋರ್ಡಿನ ಮುಂದೆ ನನ್ನ ಕಾಲು ನಡುಗಿದ್ದನ್ನು ಕಂಡು ಇಡೀ ತರಗತಿ ನಕ್ಕಿತ್ತು. ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಈಗ ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದೆ. ಮೊದಲ ದಿನವೇ ಟೀಚರ್ ಹೇಳಿದರು, "ನಿನ್ನನ್ನು ಬೋರ್ಡಿಗೆ ಕರೆಯುವುದಿಲ್ಲ. ಹೆದರಿಕೆ ನನಗೂ ಉಂಟು." ಎಂಥ ಹೆದರಿಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವರು y = x² − 4x ಎಂದು ಬರೆದರು. y ಸೊನ್ನೆಯಾದಾಗ x² = 4x; ಎರಡೂ ಕಡೆಯ ಒಂದೊಂದು x ಹೊಡೆದುಹಾಕಿ, x = 4 ಎಂದರು. ಹಾಕಿ ನೋಡಿದರು, ಸರಿಯಿತ್ತು. ನಾಲ್ಕರಲ್ಲಿ ಒಂದೇ ಚುಕ್ಕೆಯಿಟ್ಟು ಅದರ ಮೇಲೆ ಬಟ್ಟಲಿನಂಥ ರೇಖೆಯನ್ನು ಕೂರಿಸಿದರು. ಆದರೆ x ಸೊನ್ನೆಯಾದರೂ y ಸೊನ್ನೆಯೇ. ರೇಖೆ ಅಕ್ಷಗಳೆರಡೂ ಕೂಡುವ ಮೂಲಬಿಂದುವಿನಲ್ಲೂ ಹಾಯಬೇಕು. ಪಕ್ಕದಲ್ಲಿ, ನನ್ನ ಜೊತೆ ಪರೀಕ್ಷೆಗೆ ಓದುತ್ತಿದ್ದ ಉಜ್ವಲ್ ಆ ತಪ್ಪನ್ನೇ ಪುಸ್ತಕಕ್ಕೆ ಇಳಿಸುತ್ತಿದ್ದ; ನಾಳೆ ಅದನ್ನೇ ಬರೆಯುತ್ತಾನೆ. ಎದ್ದು ಹೋಗಿ, ಮೂಲಬಿಂದುವಿನಲ್ಲಿ ಚುಕ್ಕೆಯಿಟ್ಟೆ.

"ಎಂತ ಮಾರಾಯ್ತಿ, ಟೀಚರಿಗೇ ಟೀಚರ್ ಆದೆಯಾ?" ಉಜ್ವಲ್ ನಕ್ಕ.

ಟೀಚರ್ ನಗಲಿಲ್ಲ. ಸೊನ್ನೆಯನ್ನು ಹಾಕಿ ನೋಡಿದರು. ಮುಖ ಬಿಳಿಚಿಕೊಂಡಿತು.

"ಇದೇ ನನ್ನ ಹೆದರಿಕೆ, ಮಹಾಲಕ್ಷ್ಮಿ. ಹಾಕಿ ನೋಡಿದರೆ ಸಿಕ್ಕಿದ್ದು ಸರಿಯಾ ಅಂತ ಗೊತ್ತಾಗುತ್ತದೆ. ಬಿಟ್ಟುಹೋದದ್ದು ಗೊತ್ತಾಗುವುದಿಲ್ಲ ಅಲ್ವಾ? ಮೊದಲು ಹೀಗೆ ಎಷ್ಟು ಹೋಗಿದೆಯೋ!"

ಆಮೇಲೆ ನಮ್ಮ ಪುಸ್ತಕಗಳನ್ನೆಲ್ಲ ತೆರೆಸಿ, ನಾನಾಗಿಯೇ ಬೋರ್ಡಿಗೆ ಬಂದವಳೆಂದು, ಎರಡು ತಿಂಗಳ ಲೆಕ್ಕಗಳನ್ನು ಒಂದೊಂದಾಗಿ ನನ್ನಿಂದಲೇ ಅಲ್ಲಿ ಮಾಡಿಸಿದರು. ಇನ್ನೂ ಎರಡು ಕಡೆ ಸೊನ್ನೆ ಕಾಣೆಯಾಗಿತ್ತು. ಎರಡನ್ನೂ ಉಜ್ವಲನ ಪುಸ್ತಕದಲ್ಲಿ ತಾವೇ ಕೆಂಪು ಶಾಯಿಯಿಂದ ತಿದ್ದಿ, ಕೆಳಗೆ 'ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದರು. ಅಷ್ಟು ಹೊತ್ತೂ ನನ್ನ ಕಾಲು ನಡುಗುತ್ತಲೇ ಇತ್ತು. ನಾನು ನಿಂತೇ ಇದ್ದೆ.

ಹೆದರುವವರೆಲ್ಲ ಒಂದು ದಿನ ಓಡಿಹೋಗುವವರೇ ಎಂದು, ನನ್ನನ್ನೇ ನೋಡಿಕೊಂಡು, ನಾನು ತಿಳಿದಿದ್ದೆ. ಝೀಟಾ ಟೀಚರಂಥವರು ಹೆದರುತ್ತಲೇ ಮರುದಿನವೂ ಸೀಮೆಸುಣ್ಣ ಹಿಡಿಯುತ್ತಾರೆ. ತಮಗೆ ಕಾಣದ್ದು ಇನ್ನೊಬ್ಬರಿಗೆ ಕಾಣಲೆಂದು ಬೋರ್ಡಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.